ಟೆಂಟ್ ಮುರಳಿಯ ಕೆಂಪು ಚೀಟಿ

ದೊಡ್ಡನೆಕ್ಕುಂದಿಯ ಮುರಳಿ ಹುಟ್ಟಿದ ಮನೆ ಬಿಟ್ಟು ಎಲ್ಲೂ ಹೋದವನಲ್ಲ. ಹೋಗುವ ಪ್ರಮೇಯವೂ ಬೀಳಲಿಲ್ಲ ಅನ್ನಿ. ರಾಗಿ ಹೊಲದ ಮೇಲೆ ಫ್ಯಾಕ್ಟರಿಗಳು ಬಂದವು, ಫ್ಯಾಕ್ಟರಿಗಳ ಪಕ್ಕ ರಿಂಗ್ ರೋಡು ಬಂತು, ರಿಂಗ್ ರೋಡಿನ ಹಿಂದೆಯೇ ಗಾಜಿನ ಕಟ್ಟಡಗಳು, ಪೀಜಿಗಳು, ಪಿಜ್ಜಾ ಅಂಗಡಿಗಳು. ದೇಶದ ಜನವೆಲ್ಲ ಗಂಟುಮೂಟೆ ಕಟ್ಟಿಕೊಂಡು ಅವನ ಮನೆ ಬಾಗಿಲಿಗೇ ಬರುತ್ತಿರುವಾಗ ಅವನೇಕೆ ಎದ್ದು ಹೋಗಬೇಕು? ಶಾಲೆ ಮನೆಯಿಂದ ಹತ್ತು ನಿಮಿಷ, ಐಟಿಐ ಅರ್ಧ ಗಂಟೆ, ಕೆಲಸಕ್ಕೆ ಸೇರಿದ ಫ್ಯಾಕ್ಟರಿ ಮನೆಯ ಹಿಂದಿನ ಎರಡನೆಯ ರಸ್ತೆ. ಮಧ್ಯಾಹ್ನದ ಊಟಕ್ಕೆ ಮನೆಗೇ ಬರುತ್ತಿದ್ದ.

ಇಂಥ ಆಸಾಮಿ ಬೆಟ್ಟದ ಮೇಲೆ ಮಲಗುವ ಟೆಂಟಿನ ವಿಷಯದಲ್ಲಿ ಮಾರತ್ತಹಳ್ಳಿಯಿಂದ ವೈಟ್‌ಫೀಲ್ಡ್‌ವರೆಗೆ ದೊಡ್ಡ ಪಂಡಿತ ಅನ್ನಿಸಿಕೊಂಡ. ಟೀ ಅಂಗಡಿಯಲ್ಲಿ ‘ಟೆಂಟ್ ಮುರಳಿ’ ಎಂದರೆ ಸಾಕು, ಮನೆ ತೋರಿಸುತ್ತಿದ್ದರು. ಅವನು ಒಂದೇ ಒಂದು ರಾತ್ರಿ ಟೆಂಟಿನಲ್ಲಿ ಮಲಗಿದವನಲ್ಲ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರೂ ಇಲ್ಲ. ಬಾಯಿ ಜೋರಿದ್ದವನನ್ನು ಯಾರು ಕೇಳುತ್ತಾರೆ?

ಮೊದಲು ಅವನ ಕೆಲಸದ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿಂದಲೇ ಈ ರೋಗ ಹತ್ತಿದ್ದು. ಸ್ಕೂಟರಿನ ಬ್ರೇಕ್ ಲಿವರ್ ಮಾಡುವ ಫ್ಯಾಕ್ಟರಿಯಲ್ಲಿ ಮುರಳಿ ಕ್ವಾಲಿಟಿ ಇನ್ಸ್‌ಪೆಕ್ಟರು. ಒಂದು ಗ್ರಾಂ ಹೆಚ್ಚುಕಮ್ಮಿಯನ್ನೂ ತೋರಿಸುವ ತಕ್ಕಡಿ ಅವನ ಮೇಜಿನ ಮೇಲಿತ್ತು. ಅಳತೆಗೆ ಬಾರದ ಮಾಲಿಗೆ ಅವನು ದಾರದಲ್ಲಿ ಒಂದು ಕೆಂಪು ಚೀಟಿ ಕಟ್ಟುತ್ತಿದ್ದ. ಚೀಟಿಯಲ್ಲಿ ತೂಕ ಬರೆಯಬೇಕು, ಕಾರಣ ಬರೆಯಬೇಕು, ಕೆಳಗಿರುವ ಎರಡು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಒಂದು ಚೌಕ ರೀವರ್ಕ್, ಅಂದರೆ ತಿದ್ದಿ ತನ್ನಿ. ಇನ್ನೊಂದು ಸ್ಕ್ರ್ಯಾಪ್, ಅಂದರೆ ಗುಜರಿಗೆ ಎಸೆಯಿರಿ. ಯಾವುದಕ್ಕೂ ಗುರುತು ಹಾಕದಿದ್ದರೆ, ಚೀಟಿ ಕಟ್ಟಿದವರು ವಾಪಸು ಬಂದು ತೀರ್ಮಾನ ಹೇಳುವ ತನಕ ಆ ಮಾಲನ್ನು ಯಾರೂ ಮುಟ್ಟುವ ಹಾಗಿಲ್ಲ. ಈ ಕೊನೆಯ ನಿಯಮ ತಂದವನು ಮುರಳಿಯೇ. ಅದನ್ನು ಹೇಳಿಕೊಳ್ಳುವಾಗ ಅವನ ಎದೆ ಎರಡಿಂಚು ಉಬ್ಬುತ್ತಿತ್ತು.

ಇನ್ನು ಟೆಂಟು. ಎರಡು ಸಾವಿರದ ಆರರಲ್ಲಿ ಚಿಂತಾಮಣಿ ಕಡೆಯ ಸೌಮ್ಯಳನ್ನು ನೋಡಲು ಹೋದಾಗ, ಏನಾದರೂ ಕೇಳಬೇಕಲ್ಲ ಎಂದು ಮುರಳಿ, “ನಿಮಗೆ ಏನಾದ್ರೂ ಆಸೆ ಇದ್ಯಾ?” ಎಂದು ಕೇಳಿದ್ದ. ಬೇರೆ ಹುಡುಗಿಯಾಗಿದ್ದರೆ ನೆಲ ನೋಡುತ್ತಿದ್ದಳು. ಸೌಮ್ಯ ಕಿಟಕಿಯಾಚೆ ಕಾಣುತ್ತಿದ್ದ ಗವಿಬೆಟ್ಟ ತೋರಿಸಿದಳು. “ಹುಡುಗ್ರೆಲ್ಲ ಅದರ ಮೇಲೆ ರಾತ್ರಿ ಉಳ್ಕೊಂಡು ಬೆಳಿಗ್ಗೆ ಸೂರ್ಯನ್ನ ನೋಡ್ಕೊಂಡು ಬರ್ತಾರೆ. ನನ್ನ ಒಂದ್ ದಿನಾನೂ ಬಿಡ್ಲಿಲ್ಲ. ಒಂದ್ಸಲ ಮೇಲೆ ಮಲಗಿ ಏಳ್ಬೇಕು, ಅಷ್ಟೇ.”

“ಅದೇನ್ ಮಹಾ, ಕರ್ಕೊಂಡೋಗ್ತೀನಿ” ಎಂದ ಮುರಳಿ.

ಆ ಮಾತಿಗೆ ಅವಳು ಒಪ್ಪಿದಳು. ಮೀಸೆಗಲ್ಲ, ಕೆಲಸಕ್ಕಲ್ಲ, ದೊಡ್ಡನೆಕ್ಕುಂದಿಯ ಮನೆಗೂ ಅಲ್ಲ, ಆ ಮಾತಿಗೆ. ಮದುವೆ ಹೆಣ್ಣಿನ ಊರಲ್ಲಾಗುವುದು ವಾಡಿಕೆ, ಆದರೆ ಮುರಳಿ ಹಟ ಹಿಡಿದು ಮಾರತ್ತಹಳ್ಳಿಯ ಛತ್ರದಲ್ಲೇ ಮಾಡಿಸಿದ. ಪಟ್ಟಣದವರ ಶೋಕಿ ಇರಬೇಕು ಎಂದುಕೊಂಡರು ಸೌಮ್ಯಳ ಮನೆಯವರು. ಶೋಕಿಯೂ ಅಲ್ಲ, ಮಣ್ಣೂ ಅಲ್ಲ. ಮುರಳಿಗೆ ತನ್ನ ಮನೆಯ ಹೊರಗೆ ಕತ್ತಲಾದರೆ ಎದೆ ಡವಡವ ಎನ್ನುತ್ತಿತ್ತು. ಹತ್ತು ವರ್ಷದವನಿದ್ದಾಗ ಹೊಸಕೋಟೆಯ ಸೋದರಮಾವನ ಮನೆಯಲ್ಲಿ ಮಲಗಿಸಿದರೆ ಅತ್ತು ರಂಪ ಮಾಡಿದ್ದಕ್ಕೆ ಅಪ್ಪ ನಲ್ಲಪ್ಪ ಸೈಕಲ್ ತುಳಿದುಕೊಂಡು ಬಂದು ಕರೆದೊಯ್ಯಬೇಕಾಯಿತು. ಅಂದಿನಿಂದ ಅವನು ಬೇರೆ ಎಲ್ಲೂ ರಾತ್ರಿ ತಂಗಲಿಲ್ಲ. ಹೆಂಡತಿಯನ್ನು ತವರಿಗೆ ಬಿಟ್ಟು, “ನಾಳೆ ಫಸ್ಟ್ ಶಿಫ್ಟು” ಎಂದು ಸಂಜೆ ಬಸ್ಸಿಗೇ ಹಿಂದಿರುಗುತ್ತಿದ್ದ. ಪಾಪ, ಎಷ್ಟು ದುಡಿಯುತ್ತಾರೆ ಎಂದು ಅತ್ತೆ ಕೋಡುಬಳೆ ಕಟ್ಟಿ ಕೊಡುತ್ತಿದ್ದರು. ಅದನ್ನು ತಿಂದುಕೊಂಡು ಬರುತ್ತಿದ್ದ.

ಹೆಂಡತಿಗೆ ಹೀಗೆ ಎಂದು ಹೇಳಬಹುದಿತ್ತು. ಗಂಡಸು, ಅದೂ ಇನ್ಸ್‌ಪೆಕ್ಟರು, ಹೇಳುತ್ತಾನೆಯೇ? ಬದಲಿಗೆ ಅವನು ಟೆಂಟ್ ಆರಿಸಲು ಕೂತ.

ಸೌಮ್ಯ ಮಾರತ್ತಹಳ್ಳಿಯ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ರಿಸೆಪ್ಷನಿಸ್ಟು. ದಿನವಿಡೀ ದವಡೆ ಹಿಡಿದುಕೊಂಡು ಬರುವವರಿಗೆ ನಗುಮುಖ ತೋರಿಸಿ, ಕಿಟಕಿಯಲ್ಲಿ ಫ್ಲೈಓವರ್ ಒಂದನ್ನೇ ನೋಡಿ, ಮನೆಗೆ ಬಂದು, “ಯಾವಾಗ್ರೀ ಬೆಟ್ಟ?” ಎನ್ನುತ್ತಿದ್ದಳು. “ಟೆಂಟ್ ಫೈನಲ್ ಆಗ್ಲಿ” ಎನ್ನುತ್ತಿದ್ದ ಮುರಳಿ. ಮೊದಲ ವರ್ಷ ಸೈಬರ್ ಸೆಂಟರಿನಲ್ಲಿ ಕೂತು ಓದಿದ, ಆಮೇಲೆ ಮನೆಗೆ ಇಂಟರ್ನೆಟ್ ಹಾಕಿಸಿದ, ಆಮೇಲೆ ಫೋನಿನಲ್ಲೇ ಮುಳುಗಿದ. ಬಾಗಿದ ಕಡ್ಡಿಗಳ ಗುಮ್ಮಟದಂಥ ಟೆಂಟು ಎರಡೂವರೆ ಕೆಜಿ, ಅದು ಹೋಯಿತು. ಮರಕ್ಕೆ ಕಟ್ಟುವ ಜೋಲಿ ಹಗುರವೇನೋ ಸರಿ, ಬೆಟ್ಟದ ಮೇಲೆ ಮರ ಎಲ್ಲಿದೆ, ಅದೂ ಹೋಯಿತು. ಒಬ್ಬೊಬ್ಬರೇ ತೂರಿಕೊಂಡು ಮಲಗುವ ಚೀಲವೊಂದಿತ್ತು. ಅದರ ಚಿತ್ರ ನೋಡಿ ಸೌಮ್ಯ, “ಇದೇನ್ರೀ, ಹೆಣ ಸುತ್ತಿಟ್ಟಂಗೆ” ಎಂದಳು. ಅದನ್ನು ಅವಳ ಅಭಿಪ್ರಾಯದಂತೆ ಕೈಬಿಟ್ಟ, ಅವಳ ಮಾತನ್ನೂ ಕೇಳುತ್ತೇನೆ ಎಂದು ತೋರಿಸಬೇಕಲ್ಲ. ಅಮೆರಿಕದವನೊಬ್ಬ ಕರಡಿ ಬಂದಾಗ ಹೇಗೆ, ಹಿಮ ಬಿದ್ದಾಗ ಹೇಗೆ ಎಂದು ಬರೆದದ್ದನ್ನು ಇವನು ಊಟದ ಹೊತ್ತಿನಲ್ಲಿ ಓದಿ ಹೇಳುತ್ತಿದ್ದ. ಚಿಂತಾಮಣಿ ಕಡೆ ಹಿಮ ಬಿದ್ದದ್ದನ್ನು ಕಂಡವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಅವನಿಗೆ ಹೆಸರು ಬಂದಿತ್ತು. ಶನಿವಾರ ಬೆಟ್ಟ ಹತ್ತಲು ಹೊರಡುವ ಕಂಪನಿ ಹುಡುಗರು ಟೀ ಅಂಗಡಿಯಲ್ಲಿ, “ಗುರು, ಈ ಟೆಂಟ್ ಹೆಂಗೆ?” ಎಂದು ಕೇಳಿದರೆ ಮುರಳಿ ಲೋಟ ಕೆಳಗಿಟ್ಟು, ಬಟ್ಟೆ ಎಷ್ಟು ಗ್ರಾಂ, ಕಡ್ಡಿ ಎಷ್ಟು ಗ್ರಾಂ, ಜಿಪ್ಪು ಎಷ್ಟು ಗ್ರಾಂ ಎಂದು ಒಪ್ಪಿಸುತ್ತಿದ್ದ. ಒಬ್ಬ ಹುಡುಗನಿಗೆ ಹಲ್ಲುಜ್ಜುವ ಬ್ರಷ್ಷಿನ ಹಿಡಿ ಅರ್ಧ ಕತ್ತರಿಸಿ ಬಿಸಾಡು ಎಂದು ಹೇಳಿದರೆ, ಅವನು ಕತ್ತರಿಸಿಯೂ ಬಿಟ್ಟ. ಆ ಹುಡುಗರು ಹೋಗಿ ಮಲಗಿ ಎದ್ದು ಬಂದರು, ಒಂದಲ್ಲ, ಹತ್ತಾರು ಸಲ. ಗುರು ಮಾತ್ರ ಟೀ ಅಂಗಡಿಯಲ್ಲೇ ಉಳಿದ.

ಎಂಟನೆಯ ವರ್ಷಕ್ಕೆ ಸೌಮ್ಯಳ ತಾಳ್ಮೆ ಮುಗಿಯಿತು. ಎರಡು ಸಾವಿರದ ಹದಿನಾಲ್ಕರ ಸಂಕ್ರಾಂತಿ ದಿನ ಎಳ್ಳು ಬೀರಿ ಬಂದವಳೇ ಹೇಳಿದಳು: “ಮುಂದಿನ ಶನಿವಾರ ನಾನು ಗವಿಬೆಟ್ಟಕ್ಕೆ ಹೋಗ್ತಿದೀನಿ. ಟೆಂಟ್ ಫೈನಲ್ ಆಗ್ಲಿ, ಬಿಡ್ಲಿ. ನೀವು ಬಂದ್ರೆ ಸಂತೋಷ.”

ದನಿ ಏರಿಸಲಿಲ್ಲ, ಅದಕ್ಕೇ ಮುರಳಿಗೆ ಹೆದರಿಕೆಯಾದದ್ದು. ಆ ವಾರವೇ ಅವನು ಟೆಂಟ್ ತರಿಸಿದ. ಇದ್ದಬದ್ದವುಗಳಲ್ಲೆಲ್ಲ ಹಗುರವಾದದ್ದು, ಈರುಳ್ಳಿ ಸಿಪ್ಪೆಯಂಥ ಬಟ್ಟೆ. ಅದಕ್ಕೆ ಸ್ವಂತದ ಕಡ್ಡಿಯಿಲ್ಲ. ಕೈಯಲ್ಲಿ ಹಿಡಿದು ನಡೆಯುವ ಎರಡು ಕೋಲುಗಳನ್ನೇ ನಡುವೆ ನಿಲ್ಲಿಸಿ, ಸುತ್ತಲೂ ಎಂಟು ಗೂಟ ನೆಲಕ್ಕೆ ಹೊಡೆದು ಎಳೆದು ಕಟ್ಟಿದರೆ ನಿಲ್ಲುತ್ತದೆ. ಡಬ್ಬದ ಮೇಲೆ ಒಂಬೈನೂರ ಎಂಬತ್ತು ಗ್ರಾಂ ಎಂದು ಬರೆದಿತ್ತು. ಮುರಳಿ ಅದನ್ನು ಫ್ಯಾಕ್ಟರಿಗೆ ಒಯ್ದು ತಕ್ಕಡಿಗೆ ಹಾಕಿದ. ಒಂದು ಕೆಜಿ ಅರವತ್ತು ಗ್ರಾಂ.

ಒಂದು ಕೆಜಿ ದಾಟಬಾರದು ಎಂದು ಅವನು ಐದು ವರ್ಷದ ಹಿಂದೆಯೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದ. ಯಾರು ಹೇಳಿದ್ದು? ಯಾರೂ ಇಲ್ಲ. ಬರೆದ ಮೇಲೆ ಅದು ಕಾನೂನಾಯಿತು. ಈಗ ಅರವತ್ತು ಗ್ರಾಂ ಎಲ್ಲಿಂದ ಕಡಿಯುವುದು? ಎಂಟು ಗೂಟಗಳಲ್ಲಿ ನಾಲ್ಕನ್ನು ತೆಗೆದ, ಹೆಚ್ಚುವರಿ ಹಗ್ಗ ತೆಗೆದ. ಒಂಬೈನೂರ ತೊಂಬತ್ತೆಂಟಕ್ಕೆ ಇಳಿಯಿತು. ಅಂದು ಮಧ್ಯಾಹ್ನ ಅವನು ಊಟಕ್ಕೆ ಬಂದದ್ದು ಮಗಳ ಮದುವೆ ಮುಗಿಸಿದ ತಂದೆಯ ಮುಖ ಹೊತ್ತುಕೊಂಡು.

ಟೆಂಟಿನದು ಮುಗಿದ ಮೇಲೆ ಮನೆಯ ಸಾಮಾನಿಗೆ ಬಂದ. ಸೌಮ್ಯ ತೆಗೆದಿಟ್ಟಿದ್ದ ಹೊದಿಕೆಗೆ ಕೆಂಪು ಚೀಟಿ ಕಟ್ಟಿದ: ಒಂದು ಕೆಜಿ ಎಂಟುನೂರು, ಕಾರಣ ಅಧಿಕ ತೂಕ. ಸ್ಟೀಲಿನ ಬುತ್ತಿ ಡಬ್ಬಕ್ಕೆ ಕೆಂಪು ಚೀಟಿ. ಫ್ಲಾಸ್ಕಿಗೆ ಕೆಂಪು ಚೀಟಿ. ಅವಳ ಉಣ್ಣೆಯ ಸ್ವೆಟರಿಗೂ ಕಟ್ಟಿದಾಗ ಅವಳು ಬಾಗಿಲಲ್ಲಿ ನಿಂತು ನೋಡಿದಳು. “ಚಳಿ ಆದ್ರೆ?” ಎಂದಳು. “ಹತ್ತುವಾಗ ಮೈ ಬಿಸಿ ಆಗತ್ತೆ” ಎಂದ ಇನ್ಸ್‌ಪೆಕ್ಟರು. ಎಂಟು ವರ್ಷ ಕಾದವಳು, ಸ್ವೆಟರಿಗಾಗಿ ಯಾಕೆ ಕೆಡಿಸಿಕೊಳ್ಳುವುದು ಎಂದುಕೊಂಡಿರಬೇಕು.

ಮನೆಯ ಹಿತ್ತಲಲ್ಲಿ ಎರಡು ಬಾಡಿಗೆ ಕೋಣೆಗಳಿದ್ದವು. ಅದರಲ್ಲೊಂದರಲ್ಲಿ ಯಾದಗಿರಿ ಕಡೆಯ ಮಲಕಪ್ಪ, ಅವನ ಹೆಂಡತಿ ಸವಿತಾ ಇದ್ದರು. ಮಲಕಪ್ಪ ಕಟ್ಟಡಗಳಿಗೆ ಕಬ್ಬಿಣ ಕಟ್ಟುವವನು. ಕೋಣೆ ಸಿಗುವ ಮುಂಚೆ ನಾಲ್ಕು ವರ್ಷ ವೈಟ್‌ಫೀಲ್ಡಿನ ಕಟ್ಟಡಗಳ ಬುಡದಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಸಂಸಾರ ಮಾಡಿದವನು. ಹಿತ್ತಲ ಹಸಿಮಣ್ಣಿನಲ್ಲಿ ಮುರಳಿ ನಾಲ್ಕು ಗೂಟ ಹೊಡೆದು ಟೆಂಟ್ ನಿಲ್ಲಿಸಿ, ದೂರ ನಿಂತು ನೋಡುತ್ತಿದ್ದಾಗ ಮಲಕಪ್ಪ ಬೀಡಿ ಆರಿಸಿ ಹತ್ತಿರ ಬಂದ.

“ಭಾಳ ಚಂದ ಅದರಿ. ಒಂದ್ ಮಾತ್ ಕೇಳ್ಲೇನ್ರಿ? ಆ ಗುಡ್ಡದ ಮ್ಯಾಲ ಮಣ್ಣು ಅದ ಏನ್ರಿ, ಬರೀ ಬಂಡಿಗಲ್ಲು ಅದ ಏನ್ರಿ?”

ಎಂಟು ವರ್ಷದಲ್ಲಿ ಮುರಳಿ ಆ ಬೆಟ್ಟದ ಬಗ್ಗೆ ಓದಿರಲೇ ಇಲ್ಲ, ಟೆಂಟಿನ ಬಗ್ಗೆಯಷ್ಟೇ ಓದಿದ್ದ. “ಇದು ಎಲ್ಲಾ ಕಂಡೀಷನ್‌ಗೂ ಟೆಸ್ಟ್ ಆಗಿರೋ ಮಾಲು ಮಲಕಪ್ಪ” ಎಂದ.

“ಹೌದೇನ್ರಿ. ಆದ್ರೂ ನಮ್ಮ ತಾಡಪತ್ರಿ ಒಯ್ರಿ, ಹಗ್ಗನೂ ಕೊಡ್ತೀನಿ. ಕಲ್ಲಿಗೆ ಸುತ್ತಿ ಬಿಗದ್ರ ಅಲ್ಲಾಡಂಗಿಲ್ಲ.”

ಮುರಳಿ ಆ ನೀಲಿ ಟಾರ್ಪಾಲನ್ನು ಕೈಯಲ್ಲೇ ತೂಗಿ ನೋಡಿದ. ಮೂರು ಕೆಜಿ. ನಕ್ಕು ವಾಪಸು ಕೊಟ್ಟ. ಕೆಂಪು ಚೀಟಿ ಕಟ್ಟಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡ.

ಶನಿವಾರ ಗವಿಬೆಟ್ಟ ಹತ್ತಿದರು. ಹತ್ತಿದ್ದು ಸೌಮ್ಯ ಅನ್ನಿ, ಮುರಳಿ ಏದುಸಿರು ಬಿಡುತ್ತ ಅವಳ ಹಿಂದೆ ತೆವಳಿದ. ಬೇರೆಯವರ ಬ್ರಷ್ಷಿನ ಹಿಡಿ ಕತ್ತರಿಸಲು ಹೇಳಿದವನು ತನ್ನ ಹೊಟ್ಟೆಯನ್ನು ತಕ್ಕಡಿಗೆ ಹಾಕಿರಲಿಲ್ಲ. ನಾಲ್ಕೂವರೆಗೆ ತುದಿ ಸಿಕ್ಕಿತು. ತುದಿ ಎಂದರೆ ಆನೆ ಮಲಗಿದ ಹಾಗೆ ಒಂದೇ ಹಾಸುಬಂಡೆ, ಹುಲ್ಲಿಗೂ ಮಣ್ಣಿಲ್ಲ. ಒಂದು ಬದಿಗೆ ನಾಲ್ಕು ಕಂಬದ ಕಲ್ಲುಮಂಟಪ. ಅದರಲ್ಲಿ ಲಕ್ಷ್ಮಮ್ಮ ಎಂಬ ಮುದುಕಿ ಎಣ್ಣೆ ಬಟ್ಟಲು ಒರೆಸುತ್ತ ಕೂತಿದ್ದಳು. ಕೆಳಗಿನ ಹಳ್ಳಿಯವಳು, ಶನಿವಾರಕ್ಕೊಮ್ಮೆ ಬಂದು ಹನುಮನಿಗೆ ದೀಪ ಹಚ್ಚಿ, ಅಲ್ಲೇ ಮಲಗಿ, ಬೆಳಿಗ್ಗೆ ಇಳಿದು ಹೋಗುವವಳು.

ಮುರಳಿ ಗೂಟ ತೆಗೆದು ಬಂಡೆಗೆ ಇಟ್ಟು ಕಲ್ಲಿನಿಂದ ಹೊಡೆದ. ಗೂಟ ಬಗ್ಗಿತು. ಎರಡನೆಯದು ಹಾರಿ ಎಲ್ಲೋ ಹೋಯಿತು, ಗಾಳಿಗೆ ಟೆಂಟು ಎದ್ದು ಅವನ ಮುಖಕ್ಕೇ ಸುತ್ತಿಕೊಂಡಿತು. ಕಲ್ಲು ಹೇರೋಣ ಎಂದರೆ ತುದಿಯಲ್ಲಿ ಕಲ್ಲುಗಳೂ ಇಲ್ಲ. ಕೆಳಗಿನ ಇಳಿಜಾರಿಗೆ ಹೋಗಿ ಒಂದೊಂದಾಗಿ ಹೊತ್ತು ತಂದ. ಒಂದು ಕೆಜಿ ದಾಟಬಾರದ ಮಾಲನ್ನು ನಿಲ್ಲಿಸಲು ನಾಲ್ಕು ಮೂಲೆಗೆ ನಾಲ್ಕು ದಪ್ಪ ಕಲ್ಲು, ಒಂದೊಂದೂ ಸಿಮೆಂಟು ಮೂಟೆಯ ಅರ್ಧದಷ್ಟು. ನಾಲ್ಕನೆಯದನ್ನು ಇಡುವಾಗ ಬಟ್ಟೆ ಪರ್ ಎಂದು ಹರಿಯಿತು.

“ನಮ್ಮೂರಿನೋರು ಇಲ್ಲೇ ಮಂಟಪದಾಗೆ ಮನಿಕ್ಕೊಳ್ಳೋದು” ಎಂದಳು ಲಕ್ಷ್ಮಮ್ಮ. “ನೀವೂ ಮನಿಕ್ಕೊಳ್ಳಿ. ಜಾಗ ಐತೆ, ನನ್ನ ಕಂಬಳಿ ಅಗಲವಾಗೈತೆ.”

ಸೌಮ್ಯಳ ಮುಖ ಅರಳಿತು. ತೋಳುಗಳನ್ನು ಎದೆಗೆ ಕಟ್ಟಿಕೊಂಡು ನಡುಗುತ್ತಿದ್ದಳು, ಸ್ವೆಟರು ದೊಡ್ಡನೆಕ್ಕುಂದಿಯಲ್ಲಿ ಚೀಟಿ ಕಟ್ಟಿಸಿಕೊಂಡು ಕೂತಿತ್ತಲ್ಲ. ಆದರೂ ನಗುತ್ತಿದ್ದಳು. ಪಡುವಣದ ಕಡೆ ಹೊತ್ತು ಕೆಂಪಾಗಿ ಕೆಳಗಿಳಿಯುತ್ತಿತ್ತು.

ಮುರಳಿಗೆ ಕಂಡದ್ದು ಆ ಇಳಿಯುವ ಹೊತ್ತೊಂದೇ. ಇನ್ನು ಅರ್ಧ ಗಂಟೆ, ಆಮೇಲೆ ಕತ್ತಲೆ. “ಬೇಡ ಬೇಡ” ಎಂದ. “ಮಂಟಪಕ್ಕೆ ಬಾಗಿಲಿಲ್ಲ, ನಾಲ್ಕು ಕಡೆ ಓಪನ್ನು. ಕಂಬದಲ್ಲಿ ಬಿರುಕು ಬೇರೆ ಇದೆ, ಸೇಫ್ಟಿ ಇಲ್ಲ. ಬೆಳಕಿರೋವಾಗ್ಲೇ ಇಳಿದುಬಿಡೋಣ. ಇನ್ನೊಂದ್ಸಲ ಸರಿಯಾದ ಟೆಂಟ್ ತಗೊಂಡು ಬರೋಣ.”

“ಐನೂರು ವರ್ಸದ ಮಂಟಪ ಸ್ವಾಮಿ” ಎಂದಳು ಲಕ್ಷ್ಮಮ್ಮ, ಬಟ್ಟಲು ಒರೆಸುವುದನ್ನು ನಿಲ್ಲಿಸದೆ.

ಸೌಮ್ಯ ಗಂಡನ ಕೈ ನೋಡಿದಳು. ಹರಿದ ಟೆಂಟನ್ನು ಮಡಿಸುತ್ತಿದ್ದ ಆ ಕೈಗಳು ಗಡಗಡ ನಡುಗುತ್ತಿದ್ದವು. ಚಳಿಗೆ ನಡುಗುವುದು ಹೇಗೆ ಎಂದು ಅವಳಿಗೆ ಆಗ ಚೆನ್ನಾಗಿ ಗೊತ್ತಿತ್ತು. ಇದು ಅದಲ್ಲ. ತವರಿನ ಸಂಜೆ ಬಸ್ಸು, ಮಾರತ್ತಹಳ್ಳಿಯ ಛತ್ರ, ಎಂಟು ವರ್ಷದ ಟೆಂಟಿನ ಪುರಾಣ, ಎಲ್ಲವೂ ಒಟ್ಟಿಗೆ ಅರ್ಥವಾದವು. ಅವನು ಬಾಯಿ ಬಿಟ್ಟು ಹೇಳಲಿ ಎಂದು, “ಏನಾದ್ರೂ ಹೇಳ್ಬೇಕಾ?” ಎಂದು ಕೇಳಿದಳು.

“ಆ ಕಂಪನಿಯವನಿಗೆ ಹೇಳ್ತೀನಿ ನೋಡು” ಎಂದ ಮುರಳಿ. “ಎಂಥ ಬಟ್ಟೆ ಹಾಕಿದಾನೆ.”

ಅವಳು ಇಳಿಯಲು ಎದ್ದಳು. ಬೇಕಿದ್ದರೆ ಅವಳೊಬ್ಬಳೇ ಉಳಿಯಬಹುದಿತ್ತು. ಮಸಕು ಬೆಳಕಿನಲ್ಲಿ ಇವನು ಒಬ್ಬನೇ ಇಳಿಯಲಾರ ಎಂದು ಗೊತ್ತಾದ್ದರಿಂದ ಇಳಿದಳು. ಟಾರ್ಚ್ ಹಿಡಿದು ಅವಳು ಮುಂದೆ, ಅವಳ ಹೆಗಲು ಹಿಡಿದು ಅವನು ಹಿಂದೆ. ಕೊನೆಯ ಬಸ್ಸು ಸಿಕ್ಕಿತು. ಬಸ್ಸಿನಲ್ಲಿ ಮುರಳಿ ಟೆಂಟಿನ ಹೊಲಿಗೆಯ ದೋಷಗಳನ್ನು ಹೊಸಕೋಟೆವರೆಗೂ ವಿವರಿಸಿದ. ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು, ಅಳುತ್ತಿದ್ದಳೋ ಏನೋ, ಇವನು ನೋಡಲಿಲ್ಲ.

ಮನುಷ್ಯನಿಗೆ ಅಷ್ಟಕ್ಕಾದರೂ ನಾಚಿಕೆ ಬರಬೇಕಿತ್ತು. ಸೋಮವಾರವೇ ಮುರಳಿ ಇಂಟರ್ನೆಟ್ಟಿನಲ್ಲಿ ಆ ಟೆಂಟಿನ ಬಗ್ಗೆ ಮೂರು ಪುಟದ ದೂರು ಬರೆದ. ಕೆಳಗೆ ಯಾರೋ ಇಬ್ಬರು, ತುಂಬ ಅನುಭವದಿಂದ ಬರೆದಿದ್ದೀರಿ ಸಾರ್, ಎಂದು ಹಾಕಿದರು. ಅದನ್ನು ಅವನು ಸೌಮ್ಯಳಿಗೆ ತೋರಿಸಿದ. ಬಂಡೆಯ ಮೇಲೂ ಗೂಟವಿಲ್ಲದೆ ನಿಲ್ಲುವ ಹೊಸ ಟೆಂಟುಗಳ ಪಟ್ಟಿ ಶುರುವಾಯಿತು. ಈ ಸಲದ ಮಿತಿ ಒಂದು ಕೆಜಿ ಇನ್ನೂರು. ಸೌಮ್ಯ, “ಹೂಂ” ಎಂದಳು. ಅವಳು ಬೆಟ್ಟದ ಮಾತೇ ಎತ್ತುತ್ತಿಲ್ಲವಲ್ಲ, ಸದ್ಯ ಬಚಾವಾದೆ ಎಂದು ಮುರಳಿಗೆ ಒಳಗೊಳಗೇ ಹಾಯೆನಿಸಿತು.

ಅದಾದ ಮೂರನೆಯ ಶನಿವಾರ ಶಿಫ್ಟು ಮುಗಿಸಿ ನಾಲ್ಕು ಗಂಟೆಗೆ ಮನೆಗೆ ಬಂದರೆ ಬಾಗಿಲಲ್ಲಿ ಅಪ್ಪ ನಲ್ಲಪ್ಪ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಸೌಮ್ಯ ಬೆಟ್ಟಕ್ಕೋದ್ಲು ಕಣ್ಲಾ. ಇತ್ಲು ರೂಮಿನ ಸವಿತಾನೂ ಓದ್ಲು, ಆಸ್ಪತ್ರೆಯೋರು ಇಬ್ರು ಅವ್ರೆ. ಮಲಕಪ್ಪನ ಟಾರ್ಪಾಲು ಒತ್ಕೊಂಡೋದ್ರು. ನಾಳೆ ಮದ್ಯಾನ ಬತ್ತಾರಂತೆ. ಸಾರು ಒಲೆ ಮೇಲೈತೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ಇಂಗೆ ಕೇಳ್ತಾನೆ ಅಂತ್ಲೂ ಏಳಿ ಓದ್ಲು” ಎಂದ ನಲ್ಲಪ್ಪ. “ಒಳಗೆ ಏನೋ ಬರ್ದಿಟ್ಟವ್ಳೆ, ಓಗಿ ನೋಡು.”

ಮಂಚದ ಮೇಲೆ ಮುರಳಿಯದೇ ಹಾಳೆ ಇತ್ತು, ಅಕ್ಷರ ಸೌಮ್ಯಳದು. ನೀಲಿ ಟಾರ್ಪಾಲು ಮತ್ತು ಹಗ್ಗ, ಮೂರು ಕೆಜಿ, ಸರಿ. ಹೊದಿಕೆ, ಒಂದು ಕೆಜಿ ಎಂಟುನೂರು, ಸರಿ. ಬುತ್ತಿ ಡಬ್ಬದ ತುಂಬ ಪುಳಿಯೋಗರೆ, ಸರಿ. ಫ್ಲಾಸ್ಕು, ಸರಿ. ಸ್ವೆಟರು, ಸರಿ. ಲಕ್ಷ್ಮಮ್ಮನಿಗೆ ಒಂದು ಡಬ್ಬಿ ದೀಪದ ಎಣ್ಣೆ, ಸರಿ. ಕೊನೆಯ ಸಾಲಿನಲ್ಲಿ ಮುರಳಿ ಎಂದು ಬರೆದು, ‘ಸರಿ’ ಇರಬೇಕಾದ ಜಾಗದಲ್ಲಿ ಬರೀ ಗೆರೆ ಎಳೆದಿದ್ದಳು. ಅವನ ತಲೆದಿಂಬಿನ ಮೂಲೆಗೆ ದಾರದಲ್ಲಿ ಕೆಂಪು ಚೀಟಿ ಕಟ್ಟಿತ್ತು.

ತೂಕ ಎಂಬತ್ನಾಲ್ಕು ಕೆಜಿ. ಮುರಳಿಗೆ ಮೊದಲು ಕಂಡದ್ದು ಅದೇ. ತಾನು ಎಂಬತ್ತಾರು, ತಪ್ಪು ಬರೆದಿದ್ದಾಳೆ ಎಂದು ತಿದ್ದಲು ಅವನ ಕೈ ಜೇಬಿನ ಪೆನ್ನಿಗೂ ಹೋಯಿತು. ಆಮೇಲೆ ಕೆಳಗಿನ ಸಾಲು ಓದಿದ.

“ಕಾರಣ: ತೂಕ ಅಲ್ಲ. ಕತ್ತಲೆ ಅಂದ್ರೆ ಭಯ ಅಂತ ನನಗೆ ಹೇಳಲಿಲ್ಲ. ಹೇಳಿದ್ದಿದ್ರೆ ಮೊದಲನೇ ವರ್ಷಾನೇ ಹೋಗಿ, ಬೆಳಗಾಗೋ ತನಕ ನಿಮ್ಮ ಕೈ ಹಿಡ್ಕೊಂಡು ಕೂತಿರ್ತಿದ್ದೆ.”

ಹೊರಗೆ ನಲ್ಲಪ್ಪ ಎಲೆ ಉಗಿದ ಸದ್ದು ಕೇಳಿಸಿತು. ಮುರಳಿ ಇನ್ನೊಮ್ಮೆ ಓದಿದ. ಎಂಟು ವರ್ಷ ಗ್ರಾಂ ಲೆಕ್ಕದಲ್ಲಿ ಕಡಿದು ಕಡಿದು ತಾನು ಮನೆಯಲ್ಲೇ ಬಿಟ್ಟುಹೋದದ್ದು ಆ ಕೈಯ ಆಸರೆಯನ್ನೇ ಎಂದು ಗೊತ್ತಾಗಿ, ನಿಂತವನು ಕೂತ. ಚೀಟಿಯ ಕೆಳಭಾಗವನ್ನು ಬೆಳಕಿಗೆ ಹಿಡಿದು, ಯಾವುದಕ್ಕೆ ಗುರುತು ಹಾಕಿದ್ದಾಳೆ ಎಂದು ಹುಡುಕಿದ. ರೀವರ್ಕಿನ ಚೌಕ ಖಾಲಿ, ಸ್ಕ್ರ್ಯಾಪಿನ ಚೌಕವೂ ಖಾಲಿ.

ಅಂಥ ಚೀಟಿಯ ನಿಯಮ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಟ್ಟಿದವರು ವಾಪಸು ಬರುವ ತನಕ ಮಾಲು ಇದ್ದಲ್ಲೇ ಇರಬೇಕು. ಹೊರಗಿನಿಂದ ಅಪ್ಪ ಊಟಕ್ಕೆ ಎರಡು ಸಲ ಕೂಗಿದರೂ ಮುರಳಿ ಮಂಚ ಬಿಟ್ಟು ಏಳಲಿಲ್ಲ.